ಹತ್ತು ನಿಮಿಷದ ಟ್ರ್ಯಾಕ್ಟರ್

ಮೊದಲ ಮೊಮ್ಮಗು ಹುಟ್ಟಿದ ದಿನವೇ ಗಂಡಸಿನ ಬುದ್ಧಿ ಅರ್ಧ ಕರಗಿಹೋಗುತ್ತದೆ. ಇದನ್ನು ನಾನು ಯಾರೂ ಕೇಳುವ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಓದಿದ್ದೇ ನಾಲ್ಕನೇ ಕ್ಲಾಸು. ಆ ಬುದ್ಧಿಯಲ್ಲೂ ಅರ್ಧ ಹೋದರೆ ಇನ್ನೆಷ್ಟು ಉಳಿಯಿತು, ನೀವೇ ನೋಡಿ. ಮೊಮ್ಮಗಳು ಹುಟ್ಟಿದಳೆಂದು ಫೋನು ಬಂದಾಗ ನಾನು ನನ್ನ ಹಳೇ ಟ್ರ್ಯಾಕ್ಟರಿನ ಕೆಳಗೆ ಅಂಗಾತ ಮಲಗಿದ್ದೆ. ಖುಷಿಗೆ ದಡಕ್ಕನೆ ಎದ್ದು ಕೂರಲು ಹೋಗಿ ಹಣೆ ಕಬ್ಬಿಣಕ್ಕೆ ಬಡಿದು ನೆಲ್ಲಿಕಾಯಿ ಗಾತ್ರ ಊದಿಕೊಂಡಿತು. ವಾರವಿಡೀ ನಮ್ಮೂರು ತೂಬಗೆರೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಆ ಊತ ತೋರಿಸಿ, "ನೋಡ್ರಪ್ಪಾ, ಮೊಮ್ಮಗಳು ಕೊಟ್ಟಿರೋ ಮೊದಲ್ನೇ ಉಡುಗೊರೆ" ಎಂದು ಹೇಳಿಕೊಂಡು ತಿರುಗಿದೆ.

ಟ್ರ್ಯಾಕ್ಟರ್ ಎಂದರೆ ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ದ್ರಾಕ್ಷಿ ಸಾಲುಗಳ ನಡುವೆ ನುಗ್ಗಲಿ ಎಂದು ಆ ಕಾಲದಲ್ಲಿ ತಂದ ಪುಟ್ಟ ಗಾಡಿ ಅದು. ಈಗಿನ ಟ್ರ್ಯಾಕ್ಟರ್ ಪಕ್ಕ ನಿಲ್ಲಿಸಿದರೆ ಎಮ್ಮೆಯ ಪಕ್ಕ ಮೇಕೆ ನಿಂತ ಹಾಗಿರುತ್ತದೆ. ನನ್ನ ಮಗ ಮಂಜುಗಿಂತ ಎರಡು ವರ್ಷ ದೊಡ್ಡದು. ಮಂಜು ಹೊಸ ಟ್ರ್ಯಾಕ್ಟರ್ ಇಟ್ಟುಕೊಂಡಿದ್ದಾನೆ. ಅದು ಕೆಮ್ಮಿದರೆ ಸಾಕು, ಕಂಪನಿಯವರೇ ಮನೆಗೆ ಬರುತ್ತಾರೆ. ನನ್ನದಕ್ಕೆ ನಾನೇ ಕಂಪನಿ. ಹಿತ್ತಿಲ ಹುಣಸೆಮರದ ಕೆಳಗೆ ನನ್ನ ಕಾರ್ಖಾನೆ. ಹೆಂಡತಿಯ ಹಳೇ ಸೀರೆ ಒರೆಸುವ ಬಟ್ಟೆ, ಅವಳ ಪಾಯಸದ ಬೋಗುಣಿ ಫಿಲ್ಟರ್ ತೊಳೆಯುವ ತೊಟ್ಟಿ. ಪ್ರತಿಸಲ ಬಿಚ್ಚಿ ಜೋಡಿಸಿದಾಗಲೂ ಒಂದೆರಡು ನಟ್ಟು, ಮೂರ್ನಾಲ್ಕು ವಾಷರು ಮಿಗುತ್ತವೆ. ಕಂಪನಿಯವರು ಕೈ ಬಿಚ್ಚಿ ಧಾರಾಳವಾಗಿ ಹಾಕಿದ್ದಾರೆ ಎಂದುಕೊಂಡು ಬಿಸ್ಕತ್ತಿನ ಡಬ್ಬಿಗೆ ಹಾಕಿಡುತ್ತೇನೆ. "ಇನ್ನೆರಡು ಸಲ ರಿಪೇರಿ ಮಾಡ್ರಿ, ಟ್ರ್ಯಾಕ್ಟ್ರು ಪೂರ್ತಿ ಡಬ್ಬಿಯೊಳಕ್ಕೇ ಬಂದ್ಬಿಡುತ್ತೆ" ಎನ್ನುತ್ತಾಳೆ ನನ್ನ ಹೆಂಡತಿ ಗೌರಮ್ಮ.

ಈ ಟ್ರ್ಯಾಕ್ಟರಿನ ದೆಸೆಯಿಂದ ನಾನು ಸಿಕ್ಕಿಬಿದ್ದದ್ದು ನಾಮಕರಣದ ದಿನ. ಸೊಸೆಯ ತವರು ದೇವನಹಳ್ಳಿ. ಬೀಗರು ಏರ್‌ಪೋರ್ಟಿಗೆ ಎರಡು ಬಾಡಿಗೆ ಕಾರು ಬಿಟ್ಟಿರುವವರು. ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ, "ಐದ್ನೇ ತಿಂಗ್ಳಿಗೆ ಮಗೂನ ಕಾರಲ್ಲಿ ತಂದು ನಿಮ್ಮನೆ ಬಾಗ್ಲಿಗೇ ಬಿಡ್ತೀನಿ ಬೀಗ್ರೇ. ಎ.ಸಿ. ಹಾಕ್ಕೊಂಡು ತಣ್ಣಗೆ ಬರ್ಲಿ" ಎಂದರು. ಒಳ್ಳೆಯ ಮಾತೇ. ಆದರೆ ನನ್ನ ಹೊಟ್ಟೆಯಲ್ಲಿ ಆರು ಒಬ್ಬಟ್ಟು, ತಲೆಯಲ್ಲಿ ಅರ್ಧ ಬುದ್ಧಿ.

"ಕಾರಲ್ಲಿ ಯಾರ್ ಬೇಕಾದ್ರೂ ಬರ್ತಾರೆ ಬೀಗ್ರೇ. ನಮ್ಮೂರ ಆಂಜನೇಯನ ಗುಡಿಯಿಂದ ನಮ್ಮನೇವರ್ಗೂ ನನ್ನ ಮೊಮ್ಮಗಳು ಬರೋದು ತಾತನ ಟ್ರ್ಯಾಕ್ಟ್ರಲ್ಲೇ!"

"ಆಗ್ಲಿ ಆಗ್ಲಿ. ನಾನೂ ಒಂದು ಹಗ್ಗ ತಂದಿರ್ತೀನಿ."

"ಹಗ್ಗ ಯಾತಕ್ಕೆ?"

"ಕಾರಿಗೆ ಕಟ್ಕೊಂಡು ಎಳೀಬೇಕಲ್ಲ ಬೀಗ್ರೇ!"

ಇಡೀ ಪಂಕ್ತಿ ನಕ್ಕಿತು. ಗೌರಮ್ಮ ಕೂಡ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಅವತ್ತಿನಿಂದ ಅದು ಟ್ರ್ಯಾಕ್ಟರ್ ಮಾತಾಗಿ ಉಳಿಯಲಿಲ್ಲ, ನನ್ನ ಮಾನದ ಮಾತಾಯಿತು.

ಆ ವರ್ಷದ ಆಯುಧಪೂಜೆಯನ್ನು ನೀವು ನೋಡಬೇಕಿತ್ತು. ತಾತನಾದ ಮೇಲೆ ಬಂದ ಮೊದಲ ಪೂಜೆ. ಎಂದಿನಂತೆ ಬೆರಳಲ್ಲಿ ಬೊಟ್ಟಿಟ್ಟರೆ ಸಾಲದು ಎನಿಸಿ ಒಂದು ಬಟ್ಟಲು ಅರಿಶಿನ ಕಲಸಿ ಅಂಗೈಯಲ್ಲೇ ಮೆತ್ತಿದೆ. ಮೂತಿಗೆ, ಚಕ್ರಕ್ಕೆ, ಸ್ಟೇರಿಂಗಿಗೆ, ಡೀಸೆಲ್ ಟ್ಯಾಂಕಿಗೆ, ಎಲ್ಲದಕ್ಕೂ. ಅದು ಮದುಮಗಳ ಹಾಗೆ ಕಂಡಿತು. ನಮ್ಮಲ್ಲಿ ಪೂಜೆಯ ಅರಿಶಿನ ಕುಂಕುಮವನ್ನು ಒರೆಸುವುದಿಲ್ಲ, ತಾನಾಗಿಯೇ ಉದುರಬೇಕು. ಮಂಜು ಒಂದು ದಿನ ಬಟ್ಟೆ ಹಿಡಿದು ಬಂದಾಗ, "ಮುಟ್ಟಿದ್ರೆ ನೋಡು! ಮಗೂನ ಕರ್ಕೊಂಡ್ ಬರೋ ಗಾಡಿ ಅದು" ಎಂದು ಅಟ್ಟಿದ್ದೆ.

ಪೂಜೆಯಿಂದೀಚೆಗೆ ಓಡಿಸದೆ ನಿಲ್ಲಿಸಿದ್ದ ಗಾಡಿಯನ್ನು ಮಗು ಬರಲು ವಾರವಿದೆ ಎನ್ನುವಾಗ ಹೊರಗೆ ತೆಗೆದರೆ, ಅದು ಹೊಸ ವರಸೆ ಶುರು ಮಾಡಿತು. ಸ್ಟಾರ್ಟ್ ಏನೋ ಆಗುತ್ತದೆ. ಡುಗುಡುಗು ಎಂದು ಚೆನ್ನಾಗಿಯೇ ಓಡುತ್ತದೆ. ಸರಿಯಾಗಿ ಹತ್ತು ನಿಮಿಷಕ್ಕೆ ಏದುಸಿರು ಬಿಟ್ಟು ನಿಂತುಹೋಗುತ್ತದೆ. ಕೆಳಗಿಳಿದು ಮುಚ್ಚಳ ತೆಗೆದು ಕಡ್ಡಿ ಅದ್ದಿ ನೋಡಿದರೆ ಟ್ಯಾಂಕಿನ ತುಂಬ ಡೀಸೆಲ್. ಮುಚ್ಚಳ ಮುಚ್ಚಿ, ಮೂತಿಗೆ ಎರಡು ಏಟು ತಟ್ಟಿದರೆ ಮತ್ತೆ ಸ್ಟಾರ್ಟ್. ಮತ್ತೆ ಹತ್ತು ನಿಮಿಷ. ನನ್ನ ಏಟಿನಲ್ಲೇ ಏನೋ ಗುಣವಿದೆ ಎಂದುಕೊಂಡೆ. ಫಿಲ್ಟರ್ ತೊಳೆದೆ, ಪೈಪು ಊದಿದೆ, ಸ್ಕ್ರೂ ಸಡಿಲಿಸಿ ಗಾಳಿ ತೆಗೆದೆ. ಬಾಯಿಗೆ ಡೀಸೆಲ್ ಹೋಗಿ ಎರಡು ದಿನ ಕಾಫಿಗೂ ಅದೇ ರುಚಿ. ಬಿಸ್ಕತ್ತಿನ ಡಬ್ಬಿಗೆ ಇನ್ನೂ ನಾಲ್ಕು ವಾಷರ್ ಸೇರಿದವು. ಗುಡಿಯಿಂದ ಮನೆಗೆ ನಡೆದರೆ ಕಾಲುಗಂಟೆ. ನನ್ನ ಗಾಡಿಯ ನಡಿಗೆಯಲ್ಲಿ ಇಪ್ಪತ್ತು ನಿಮಿಷ. ಅಂದರೆ ಸರಿಯಾಗಿ ನಡುಬೀದಿಯಲ್ಲಿ, ಊರೆಲ್ಲ ನೋಡುವಾಗ, ಬೀಗರ ಹಗ್ಗ.

ಹಿಂದಿನ ದಿನ ಸೋತು ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದೆ. ಕಜ್ಜಾಯಕ್ಕೆಂದು ತಂದ ಎಣ್ಣೆ ಡಬ್ಬವನ್ನು ಗೌರಮ್ಮ ನನ್ನ ಮುಂದಿಟ್ಟು, "ಇದಕ್ಕಾದ್ರೂ ನಿಮ್ಮ ರಿಪೇರಿ ತೋರ್ಸಿ" ಎಂದಳು. ಮೊಳೆ ಹೊಡೆದು ಬಾಣಲೆಗೆ ಬಗ್ಗಿಸಿದೆ. ಗುಳುಕ್ ಗುಳುಕ್ ಎಂದು ಎರಡು ಗುಟುಕು ಬಿದ್ದು ಎಣ್ಣೆ ನಿಂತಿತು.

"ಎಣ್ಣೆ ಯಾಕೆ ಬರ್ತಿಲ್ಲ?" ಎಂದೆ.

"ಅಯ್ಯೋ ನಿಮ್ಮ! ಒಂದೇ ತೂತು ಹೊಡೆದ್ರೆ ಹೆಂಗ್ರೀ ಬರುತ್ತೆ? ಇನ್ನೊಂದ್ ಕಡೆ ಗಾಳಿ ಒಳಕ್ಕೋಗಕ್ಕೆ ತೂತು ಬೇಡ್ವಾ? ಇಷ್ಟು ವರ್ಷ ನನ್ನ ಕೈಯಡುಗೆ ತಿಂದಿದ್ದೀರ, ಇದು ಗೊತ್ತಿಲ್ವಾ?"

ನಾನು ಡಬ್ಬ ಅಲ್ಲೇ ಇಟ್ಟು ಹಿತ್ತಿಲಿಗೆ ಓಡಿದೆ. ಡೀಸೆಲ್ ಟ್ಯಾಂಕಿನ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ಒಂದು ತೂತಿರುತ್ತದೆ, ಗಾಳಿಯಾಡಲೆಂದೇ. ನನ್ನ ಮುಚ್ಚಳದ ಮೇಲೆ ತೂತಿರಲಿಲ್ಲ. ಗಟ್ಟಿಯಾಗಿ ಒಣಗಿದ ಅರಿಶಿನವಿತ್ತು, ನಾನೇ ಮೊಮ್ಮಗಳ ಹೆಸರಲ್ಲಿ ಅಂಗೈ ತುಂಬ ಮೆತ್ತಿದ್ದು. ಗಾಡಿಗೆ ಮತ್ತೆ ಜೀವ ಬರುತ್ತಿದ್ದದ್ದು ನನ್ನ ಏಟಿನಿಂದಲ್ಲ, ಕಡ್ಡಿ ಅದ್ದಲು ಮುಚ್ಚಳ ತೆಗೆದಾಗ ಗಾಳಿ ಒಳಗೆ ಹೋಗಿ. "ಸುಬ್ರಹ್ಮಣ್ಯ ಸ್ವಾಮಿ, ತಪ್ಪಾಯ್ತು" ಎಂದು ಪೂಜೆಯ ಅರಿಶಿನ ಕೆರೆಯುವ ಮೊದಲೇ ಘಾಟಿ ದೇವಸ್ಥಾನದ ದಿಕ್ಕಿಗೆ ಕೈಮುಗಿದು, ಗೌರಮ್ಮನ ತಲೆಯ ಪಿನ್ನು ಕಿತ್ತುಕೊಂಡು ಬಂದು ತೂತು ಬಿಡಿಸಿದೆ.

ಮಾರನೆಯ ದಿನ ಬೀಗರು ಗುಡಿಯ ಹತ್ತಿರ ಕಾರು ನಿಲ್ಲಿಸಿ, ಮೊದಲು ಹಗ್ಗ ತೆಗೆದು ಎಲ್ಲರಿಗೂ ಕಾಣುವಂತೆ ಬಾನೆಟ್ ಮೇಲಿಟ್ಟರು. ಟ್ರೇಲರಿನಲ್ಲಿ ಎರಡು ಹಾಸಿಗೆ ಹಾಸಿದ್ದೆ. ಸೊಸೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಳು, ಪಕ್ಕದಲ್ಲಿ ಗೌರಮ್ಮ. ಬೀಗರ ಎ.ಸಿ. ಕಾರು ಹಿಂದೆ ಹಿಂದೆ ಆಮೆಯಂತೆ ಬಂತು. ಹತ್ತನೇ ನಿಮಿಷಕ್ಕೆ ನನ್ನ ಎದೆಯ ಡುಗುಡುಗು ಎಂಜಿನ್ನನ್ನೂ ಮೀರಿಸಿತು. ಗಾಡಿ ನಿಲ್ಲಲಿಲ್ಲ. ಹನ್ನೊಂದು, ಹನ್ನೆರಡು. ಕಣ್ಣಿಗೆ ಹೊಗೆ ಹೋಯಿತು ಎಂದು ಹೇಳಿ ಒರೆಸಿಕೊಂಡೆ. ಹೊಗೆ ಅವತ್ತು ಅಷ್ಟೇನೂ ಇರಲಿಲ್ಲ.

ಮನೆ ಮುಂದೆ ಎಂಜಿನ್ ಆಫ್ ಮಾಡಿದ ಕೂಡಲೇ, ಅಲ್ಲಿಯವರೆಗೆ ಗಾಢ ನಿದ್ದೆಯಲ್ಲಿದ್ದ ಮಗು ಊರೇ ಒಂದಾಗುವಂತೆ ಕಿರುಚಿತು. ಸ್ಟಾರ್ಟ್ ಮಾಡಿದೆ, ಸುಮ್ಮನಾಯಿತು. ಆಫ್ ಮಾಡಿದೆ, ಕಿರುಚಿತು. ಕೊನೆಗೆ ಊಟ ಮುಗಿಯುವವರೆಗೂ ಅಂಗಳದಲ್ಲಿ ಎಂಜಿನ್ ಓಡುತ್ತಲೇ ಇತ್ತು. ಬೀಗರು, "ಸಾರು ಹಾಕ್ರೀ, ಸಾರು!" ಎಂದು ಗಂಟಲು ಹರಿದುಕೊಂಡೇ ಉಂಡರು. ಹಗ್ಗವನ್ನು ನಾನು ವಾಪಸ್ ಕೊಡಲಿಲ್ಲ. ಈಗ ಅದು ಮೊಮ್ಮಗಳ ತೊಟ್ಟಿಲು ತೂಗುತ್ತದೆ.

ಈ ಕಥೆಯನ್ನು ಹಾಲಿನ ಡೇರಿಯಲ್ಲಿ ಹೇಳಿದೆ, ಕ್ಷೌರದಂಗಡಿಯಲ್ಲಿ ಹೇಳಿದೆ, ಬಸ್ಸಿನಲ್ಲಿ ಗುರುತಿಲ್ಲದವರಿಗೂ ಹೇಳಿದೆ. ನಿನ್ನೆ ಮನೆಗೆ ಬಂದವರಿಗೆ ಮತ್ತೆ ಮೊದಲಿಂದ ಶುರು ಮಾಡಿದಾಗ ಗೌರಮ್ಮ ಒಳಗಿನಿಂದಲೇ ಕೂಗಿದಳು: "ಆ ಅರಿಶಿನಾನ ಟ್ಯಾಂಕಿಗಲ್ಲ, ನಿಮ್ಮ ಬಾಯಿಗೆ ಮೆತ್ತಬೇಕಿತ್ತು ಕಣ್ರೀ. ಹತ್ತು ನಿಮಿಷಕ್ಕಾದ್ರೂ ನಿಲ್ತಿತ್ತು!"

ಬಂದವರು ನಕ್ಕರು. ನಾನೂ ನಕ್ಕೆ, ಉಸಿರು ತೆಗೆದುಕೊಂಡೆ, ಮುಂದುವರಿಸಿದೆ.