ಎಡ ಮುಂದಿನ ಟಯರಿನ ಗಾಳಿ

ಅಳೆದು ನೋಡದ ಹೊರತು ನನಗೆ ಯಾವುದರ ಮೇಲೂ ಪೂರ್ತಿ ನಂಬಿಕೆ ಬರುವುದಿಲ್ಲ. ಇದನ್ನು ಒಳ್ಳೆಯ ಗುಣವೆಂದು ಹೇಳಿಕೊಂಡು ಇಪ್ಪತ್ತೊಂಬತ್ತು ವರ್ಷ ತಳ್ಳಿದ್ದೇನೆ. ಹೆಂಡತಿ ಶ್ವೇತಾ ರೋಗ ಎನ್ನುತ್ತಾಳೆ. ಬೇಳೆಗೆ ಕುಕ್ಕರ್ ಎಷ್ಟು ಸಲ ಕೂಗಿತು, ನಮ್ಮ ಹದಿನಾಲ್ಕನೆಯ ಮಹಡಿಯಿಂದ ಇಳಿಯುವಾಗ ಲಿಫ್ಟು ಎಷ್ಟು ಕಡೆ ನಿಂತಿತು, ಎಲ್ಲವೂ ತಾರೀಖು ಸಮೇತ ನನ್ನ ದಿನಚರಿಯಲ್ಲಿವೆ. ಇದರಿಂದ ಯಾರಿಗೂ ಉಪಯೋಗವಾದದ್ದಿಲ್ಲ, ಆದರೆ ತೊಂದರೆಯೂ ಆಗಿರಲಿಲ್ಲ. ತೊಂದರೆ ಶುರುವಾದದ್ದು ನಾನು ಆಟೋಕ್ರಾಸ್‌ಗೆ ಹೋಗತೊಡಗಿದ ಮೇಲೆ.

ಆಟೋಕ್ರಾಸ್ ಎಂದರೆ ಭಯಪಡುವಂಥದ್ದೇನೂ ಅಲ್ಲ. ಒಂದು ದೊಡ್ಡ ಖಾಲಿ ಬಯಲಿನಲ್ಲಿ ಕಿತ್ತಳೆ ಬಣ್ಣದ ಕೋನ್‌ಗಳನ್ನು ಅಂಕುಡೊಂಕಾಗಿ ಇಟ್ಟಿರುತ್ತಾರೆ. ಒಂದು ಸಲಕ್ಕೆ ಒಂದೇ ಕಾರು. ಕೋನ್‌ಗಳ ನಡುವೆ ನುಸುಳಿ ಆದಷ್ಟು ಬೇಗ ಹೊರಬರಬೇಕು; ಕೋನ್ ಬಿದ್ದರೆ ಎರಡು ಸೆಕೆಂಡ್ ದಂಡ. ಮನೆಗೆ ಸಾಮಾನು ತರುವ ಕಾರನ್ನೇ ಒಯ್ಯಬಹುದು. ದುಬೈಯಲ್ಲಿ ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಇದು ನಡೆಯುತ್ತದೆ, ನಾನು ತಪ್ಪದೆ ಹೋಗುತ್ತೇನೆ. ಅಲ್ಲಿನ ಅನುಭವಸ್ಥರು ಮೊದಲ ದಿನವೇ ಒಂದು ಮಾತು ಹೇಳಿದರು: ಇಂಜಿನ್ನು, ಬ್ರೇಕು ಎಲ್ಲ ಆಮೇಲೆ, ಮೊದಲು ಟಯರಿನ ಗಾಳಿ ನೋಡಿಕೋ. ಗಾಳಿ ಕಡಿಮೆಯಾದರೆ ತಿರುವಿನಲ್ಲಿ ಟಯರು ಪಕ್ಕಕ್ಕೆ ಮಡಚಿಕೊಳ್ಳುತ್ತದೆ, ಹೆಚ್ಚಾದರೆ ಜಾರುತ್ತದೆ, ಸರಿಯಾದ ಅಂಕಿ ಎರಡರ ನಡುವೆ ಎಲ್ಲೋ ಇದೆ. ಅದನ್ನು ಅವರವರೇ ಅಳೆದು ಅಳೆದು ಕಂಡುಕೊಳ್ಳಬೇಕು. ಇಂಥ ಉಪದೇಶಕ್ಕಾಗಿ ನಾನು ಹುಟ್ಟಿದಾಗಿನಿಂದ ಕಾಯುತ್ತಿದ್ದೆನೋ ಏನೋ. ಅಂದೇ ಗಾಳಿ ಅಳೆಯುವ ಒಂದು ಮೀಟರು ಕೊಂಡೆ. ಟಯರಿನ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆದು, ತಿರುವಿನಲ್ಲಿ ಅದು ಎಷ್ಟು ಅಳಿಸುತ್ತದೆಂದು ಸ್ಕೇಲು ಹಿಡಿದು ನೋಡತೊಡಗಿದೆ. ನಾಲ್ಕು ಟಯರಿಗೆ ನಾಲ್ಕು ಪುಟ ತೆರೆದೆ.

ಟಯರು ತಣ್ಣಗಿರುವಾಗಲೇ ಅಳೆಯಬೇಕು ಎಂಬುದು ಶಾಸ್ತ್ರ. ಇದನ್ನು ಬರೆದವರು ನಮ್ಮ ಊರಿನ ಬೇಸಿಗೆ ನೋಡಿದವರಲ್ಲ. ಇಲ್ಲಿ ನಲ್ಲಿಯ ತಣ್ಣೀರೇ ಚಹಾಕ್ಕೆ ಅರ್ಧ ಸಿದ್ಧವಾಗಿರುತ್ತದೆ. ಆದ್ದರಿಂದ ಕಟ್ಟಡದ ಬೇಸ್‌ಮೆಂಟಿನಲ್ಲಿ ಬೆಳಿಗ್ಗೆ ಒಮ್ಮೆ, ಆಫೀಸಿಗೆ ಹೊರಡುವಾಗ ಒಮ್ಮೆ, ಬಂದ ಮೇಲೆ ಒಮ್ಮೆ ಅಳೆದು ವ್ಯತ್ಯಾಸ ಬರೆದೆ. ಒಂದು ಅಳತೆಯನ್ನು ನಂಬುವುದು ಹೇಗೆ? ಪ್ರತಿ ಸಲ ಮೂರು ಬಾರಿ ಅಳೆದು ಸರಾಸರಿ ತೆಗೆದೆ. ಹೀಗೆ ಬರೆಯುತ್ತ ಹೋದ ವಾರದಲ್ಲೇ ಎಡ ಮುಂದಿನ ಟಯರಿನ ಪುಟ ನನ್ನನ್ನು ಹೆದರಿಸಿತು. ಸೋಮವಾರ ಮೂವತ್ತಾರು, ಮಂಗಳವಾರ ಮೂವತ್ತೈದು, ಬುಧವಾರ ಮೂವತ್ತನಾಲ್ಕು. ಉಳಿದ ಮೂರೂ ಇಳಿದಿದ್ದವು, ಆದರೆ ಅಷ್ಟಲ್ಲ. ಎಲ್ಲೋ ಸಣ್ಣ ತೂತು ಇದೆ ಅನಿಸಿ ಆ ಟಯರಿನ ಮೇಲೆ ವಿಶೇಷ ನಿಗಾ ಇಟ್ಟೆ. ಇಲ್ಲಿ ಸ್ಟೇರಿಂಗ್ ಎಡಕ್ಕಿರುವುದರಿಂದ ಅದು ಡ್ರೈವರ್ ಬಾಗಿಲಿನ ಪಕ್ಕದಲ್ಲೇ ಇತ್ತು; ಇಳಿಯುವಾಗ, ಹತ್ತುವಾಗ ಅದನ್ನೊಮ್ಮೆ ಹೆಚ್ಚಿಗೆ ಅಳೆಯುವುದು ಮೊದಲಿಂದಲೂ ಅಭ್ಯಾಸವಾಗಿತ್ತು. ಗುರುವಾರ ಮೂವತ್ತೆರಡಕ್ಕೆ ಬಂತು.

ಇದನ್ನು ಮನೆಯಲ್ಲಿ ಹೇಳಬಾರದಿತ್ತು. ನಮಗಿರುವುದು ಒಂದೇ ಕಾರು. ಅಬುಧಾಬಿಯ ಖಾಲಿದಿಯಾದಲ್ಲಿರುವ ಶ್ವೇತಾಳ ಅಕ್ಕನ ಮನೆಗೆ ಪ್ರತಿ ಶನಿವಾರ ಅದರಲ್ಲೇ ಹೋಗುತ್ತೇವೆ, ಹೆದ್ದಾರಿಯಲ್ಲಿ ಎಲ್ಲರ ವೇಗಕ್ಕೆ ಸಮನಾಗಿ. ಶ್ವೇತಾ ತಟ್ಟೆ ಪಕ್ಕಕ್ಕಿಟ್ಟು ಕೇಳಿದಳು.

"ಆ ಕೋನ್ ಸುತ್ತಿ ಸುತ್ತಿ ತಾನೆ ಟಯರ್ ಹಾಳಾಗಿರೋದು?"

"ಇರಬಹುದು, ಇಲ್ಲದೇನೂ ಇರಬಹುದು. ಇನ್ನೂ ಎರಡು ದಿನದ ಅಂಕಿ ಬಂದರೆ..."

"ಅಂಕಿ ಬೇಡಪ್ಪ. ರೋಡ್ ಮಧ್ಯೆ ಟಯರ್ ಸಿಡಿದರೆ ನಿನ್ನ ಸರಾಸರಿ ಬಂದು ಸ್ಟೇರಿಂಗ್ ಹಿಡ್ಕೊಳ್ಳುತ್ತಾ? ನಾಳೆ ತೋರಿಸು. ಆಟದಿಂದ ಹಾಳಾಗಿದೆ ಅಂದರೆ ಆಟ ಬಂದ್."

ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಲು ನಾನು ತುಂಬ ಪ್ರಯತ್ನಿಸಿದೆ. ಸಿಗಲಿಲ್ಲ. ವಾರದ ಐದು ದಿನ ನಾನು ಬೇರೆಯವರ ಎಕ್ಸೆಲ್ ಹಾಳೆ ತಿದ್ದುವವನು. ತಿಂಗಳಿಗೊಂದು ಬೆಳಿಗ್ಗೆ ಮಾತ್ರ ಹೆಲ್ಮೆಟ್ ತೊಟ್ಟು ಬೇರೆ ಮನುಷ್ಯನಾಗುತ್ತಿದ್ದೆ. ಈಗ ಅದೂ ಹೋಗುವ ಹಾಗಿತ್ತು.

ಶುಕ್ರವಾರ ಸಂಜೆ ಇಬ್ಬರೂ ಅಲ್ ಕೂಜ್‌ಗೆ, ಹಮೀದಾಕನ ಟಯರ್ ಅಂಗಡಿಗೆ ಹೋದೆವು. ಉಪ್ಪಿನಂಗಡಿ ಕಡೆಯ ಬ್ಯಾರಿ ಮುಸ್ಲಿಮರು, ಟಯರುಗಳ ನಡುವೆಯೇ ತಲೆ ನರೆದವರು. ಚಕ್ರ ಬಿಚ್ಚಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ನಿಧಾನವಾಗಿ ತಿರುಗಿಸಿದರು. ನಾವಿಬ್ಬರೂ ಬಗ್ಗಿ ನೋಡಿದೆವು, ಅವಳು ಗುಳ್ಳೆ ಬರಲೆಂದೋ ಬಾರದಿರಲೆಂದೋ ತಿಳಿಯಲಿಲ್ಲ. ಒಂದು ಗುಳ್ಳೆಯೂ ಬರಲಿಲ್ಲ. ಬೆರಳಿಗೆ ಎಂಜಲು ಹಚ್ಚಿ ವಾಲ್ವಿನ ಬಾಯಿಗೆ ಇಟ್ಟು ನೋಡಿದರು. ಅಲ್ಲಿಯೂ ಇಲ್ಲ.

"ಟಯರ್ ಚೆನ್ನಾಗುಂಟು ಮಾರಾಯ್ರೆ. ಗಾಳಿ ಇಳಿತದೆ ಅಂತ ನಿಮಗೆ ಯಾರು ಹೇಳಿದ್ದು?"

ನಾನು ದಿನಚರಿ ತೆರೆದು ಕೊಟ್ಟೆ. ಅವರು ಪುಟವನ್ನು ಮೇಲಿಂದ ಕೆಳಗೆ ಓದಿದರು, ಮತ್ತೆ ಕೆಳಗಿಂದ ಮೇಲೆ ಓದಿದರು.

"ಇದೆಲ್ಲ ಒಂದು ವಾರದ್ದಾ? ಒಮ್ಮೆ ಹೇಗೆ ನೋಡುವುದು ಅಂತ ತೋರಿಸಿ."

ತೋರಿಸಿದೆ. ಮೀಟರನ್ನು ವಾಲ್ವಿಗೆ ಒತ್ತಿದೆ, ಸುಸ್ಸೆಂದಿತು, ಬರೆದೆ. ಎರಡನೆಯ ಸಲ, ಸುಸ್. ಮೂರನೆಯ ಸಲ, ಸುಸ್. ಮೂರನೆಯದು ಮೊದಲಿಗಿಂತ ಸ್ವಲ್ಪ ಕಡಿಮೆ ಬಂತು. ಪ್ರತಿ ಸಲವೂ ಹಾಗೇ ಬರುತ್ತದೆ, ಅದಕ್ಕೇ ಸರಾಸರಿ ತೆಗೆಯುವುದು ಎಂದು ವಿವರಿಸಿದೆ.

"ಈ ಸುಸ್ ಅಂತ ಬರ್ತದಲ್ಲ, ಅದು ಎಲ್ಲಿಯ ಗಾಳಿ? ಶಾರ್ಜಾದಿಂದ ಬರ್ತದಾ?" ಎಂದ ಹಮೀದಾಕ, ಶ್ವೇತಾಳ ಕಡೆ ತಿರುಗಿದರು. "ಮೊಳೆ ಎಲ್ಲಿಯೂ ಇಲ್ಲ ಮೇಡಂ. ಇವರೇ ಮೊಳೆ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಆದರೆ ನನ್ನದು ಬೇರೆ ನಗು. ತೂತಿಲ್ಲ, ಟಯರಿಗೆ ಪೆಟ್ಟಿಲ್ಲ, ಕೋನ್‌ಗಳ ತಪ್ಪಿಲ್ಲ. ಮರ್ಯಾದೆ ಹೋದರೂ ಆಟ ಉಳಿಯಿತಲ್ಲ ಎಂದು ಎದೆ ಹಗುರಾಯಿತು. ಬ್ರಹ್ಮಚಾರಿಯಾಗಿ ಹಂಚಿಕೊಂಡ ರೂಮಿನಲ್ಲಿದ್ದಾಗ ಹಾಲಿಗೆ ಹೆಪ್ಪು ಹಾಕಿ, ಅರ್ಧ ಗಂಟೆಗೊಮ್ಮೆ ಪಾತ್ರೆ ಓರೆ ಮಾಡಿ ಎಷ್ಟು ಗಟ್ಟಿಯಾಯಿತೆಂದು ಬರೆಯುತ್ತಿದ್ದೆ. ಒಂದು ದಿನವೂ ಮೊಸರಾಗಲಿಲ್ಲ. ಹೆಪ್ಪು ಸರಿಯಿಲ್ಲವೆಂದು ಅದನ್ನು ಕೊಟ್ಟ ಪಕ್ಕದ ಮನೆಯವರನ್ನು ಬಹಳ ಕಾಲ ದೂರಿದ್ದೆ. ಅವರ ಕ್ಷಮೆ ಕೇಳಬೇಕೆಂದು ಆ ಸಂಜೆ ಮೊದಲ ಬಾರಿಗೆ ಅನಿಸಿತು.

ಹಮೀದಾಕ ಗಾಳಿ ತುಂಬಿಸಿ ಹೇಳಿದರು: "ಭಾನುವಾರ ಹೊರಡುವ ಮೊದಲು ಒಂದು ಸಲ ನೋಡಿ. ಒಂದೇ ಸಲ. ಆಮೇಲೆ ಖಲಾಸ್." ಮೀಟರು ಶ್ವೇತಾಳ ಬ್ಯಾಗಿಗೆ ಹೋಯಿತು. ಅವಳು ಮಾತ್ರ ಪೂರ್ತಿ ಸೋತಿರಲಿಲ್ಲ. "ಟಯರ್ ಸರಿ ಇದೆ, ಒಪ್ಪಿದೆ. ಆದರೆ ನೀನು ಅಲ್ಲಿ ಏನು ಮಾಡ್ತೀಯ ಅಂತ ನಾನು ಒಮ್ಮೆ ಕಣ್ಣಾರೆ ನೋಡಬೇಕು. ಅಪಾಯ ಅನ್ನಿಸಿದರೆ ಆಗಲೂ ಬಂದ್."

ಭಾನುವಾರ ಬಯಲಿನಲ್ಲಿ ಅವಳು ಮೀಟರು ಕೊಟ್ಟಳು. ಒಂದೇ ಸಲ ನೋಡಿದೆ, ಮೂವತ್ತಾರು. ಕೈ ಮತ್ತೆ ವಾಲ್ವಿನತ್ತ ಹೋಗುವುದರೊಳಗೆ ಕಿತ್ತುಕೊಂಡಳು. ನನ್ನ ಸರದಿ ಬಂತು. ಅಂದು ನಾನು ಓಡಿಸಿದ ಹಾಗೆ ಎಂದೂ ಓಡಿಸಿರಲಿಲ್ಲ. ಟಯರುಗಳು ಕಿರುಗುಟ್ಟಿದವು, ಕೋನ್‌ಗಳು ಕಿಟಕಿಯಾಚೆ ಕಿತ್ತಳೆ ಗೆರೆಯಾಗಿ ಹರಿದವು, ನನ್ನ ಬೆನ್ನು ಸೀಟಿಗೆ ಅಂಟಿತು. ಎಪ್ಪತ್ತೊಂದು ಸೆಕೆಂಡ್, ಒಂದು ಕೋನೂ ಬೀಳಲಿಲ್ಲ, ಹದಿನಾಲ್ಕು ಜನರಲ್ಲಿ ಹನ್ನೊಂದನೆಯವನು. ಇಷ್ಟು ರಭಸ ನೋಡಿ ಅವಳು ಹೆದರಿ ಹೋಗಿರುತ್ತಾಳೆ, ಇನ್ನು ಆಟ ಮುಗಿದಂತೆಯೇ ಎಂದುಕೊಂಡು ಅಳುಕುತ್ತ ಅವಳ ಬಳಿ ಹೋದೆ. ನೆರಳಿನಲ್ಲಿ ಕುಳಿತು ಮೈಸೂರಿನ ಅಮ್ಮನೊಂದಿಗೆ ಫೋನಿನಲ್ಲಿದ್ದಳು.

"ಇಲ್ಲಮ್ಮ, ಭಯ ಪಡೋ ಅಂಥದ್ದೇನಿಲ್ಲ. ನಾನೂ ಸುಮ್ಮನೆ ಹೆದರಿದ್ದೆ. ಬೇಸ್‌ಮೆಂಟಲ್ಲಿ ಪಾರ್ಕಿಂಗ್ ಹುಡುಕೋವಾಗ ಇವರು ಇದಕ್ಕಿಂತ ಜೋರಾಗಿ ಹೋಗ್ತಾರೆ." ಆಮೇಲೆ ಫೋನಿಗೆ ಕೈ ಅಡ್ಡ ಹಿಡಿದು ನನಗೆ ಹೇಳಿದಳು, "ಪ್ರತಿ ತಿಂಗಳೂ ಬಾ. ನನ್ನದೇನೂ ಅಭ್ಯಂತರ ಇಲ್ಲ."

ಬೇಕಾದ ಮಾತು ಸಿಕ್ಕಿತ್ತು. ನಾನು ಥ್ಯಾಂಕ್ಸ್ ಹೇಳಿ ಕಾರಿಗೆ ಮರಳಿದೆ. ಇನ್ನೊಂದು ಸುತ್ತು ಬಾಕಿ ಇತ್ತು. ಅಕಸ್ಮಾತ್ ಇನ್ನೂ ಬೇಗ ಬಂದುಬಿಟ್ಟರೆ ಅವಳು ಮನಸ್ಸು ಬದಲಾಯಿಸಿಯಾಳು ಎಂದು, ಅದನ್ನು ಮೊದಲಿಗಿಂತ ಎಚ್ಚರದಿಂದ ಓಡಿಸಿದೆ.