ಅಜ್ಜನಿಗೆ ಹೇಳಿಕೊಂಡ ಬಾಟಲಿ

ಕುಡಿಯುವುದಕ್ಕೆ ಒಬ್ಬನೇ ಸಾಕು, ಬಿಡುವುದಕ್ಕೆ ಒಂದು ದಿಬ್ಬಣವೇ ಬೇಕು ಎಂದು ನಾನೀಗ ಧೈರ್ಯವಾಗಿ ಹೇಳಬಲ್ಲೆ. ಬಿಟ್ಟು ಒಂದು ವರ್ಷ ತುಂಬಿದೆ, ಅದರ ಧೈರ್ಯ. ಅದಕ್ಕೆ ಮೊದಲೂ ಹನ್ನೊಂದು ಸಲ ಬಿಟ್ಟಿದ್ದೆ. ಯಾರ ಹಂಗೂ ಇಲ್ಲದೆ, ಒಬ್ಬನೇ. ಅವುಗಳಲ್ಲಿ ದೀರ್ಘವಾದದ್ದು ಒಂಬತ್ತು ದಿನ ಬಾಳಿತು. ಅದರಲ್ಲೂ ಮೂರು ದಿನ ನನಗೆ ಜ್ವರವಿತ್ತು. ಕೊನೆಗೊಂದು ದಿನ ಹೆಂಡತಿ ಶಶಿಕಲಾ, ಇನ್ನೊಂದು ಸಲ ಹೀಗಾದರೆ ಮಗಳನ್ನು ಕರೆದುಕೊಂಡು ಬಜಪೆಯ ತವರಿಗೆ ಹೋಗುತ್ತೇನೆ ಎಂದು ಮೆತ್ತಗೆ ಹೇಳಿದಳು. ಅವಳ ಜಗಳಕ್ಕೆ ನಾನು ಯಾವತ್ತೂ ಹೆದರಿದವನಲ್ಲ. ಆ ಮೆತ್ತಗಿನ ದನಿಗೆ ಹೆದರಿದೆ.

ಪಣಂಬೂರಿನಲ್ಲಿ ಹಡಗು ಏಜೆಂಟರ ಆಫೀಸಿನ ಗುಮಾಸ್ತ ನಾನು. ಒಂದು ಸರಕು ಹೊರಗೆ ಬರಲು ನಾಲ್ಕು ಕಡೆ ಸಹಿ ಬೇಕೆಂದು ನನಗೆ ಹೊಸದಾಗಿ ಹೇಳಬೇಕಾಗಿಲ್ಲ. ನನ್ನ ವಿಷಯದಲ್ಲೂ ಹಾಗೇ ಆಯಿತು. ಡಾಕ್ಟರು ಮಾತ್ರೆ ಕೊಟ್ಟರು. ಅದನ್ನು ನುಂಗಿದ್ದೇನೆಯೇ ಎಂದು ಶಶಿಕಲಾ ದಿನಾ ಬಾಯಿ ತೆರೆಸಿ ನೋಡುತ್ತಿದ್ದಳು. ಶನಿವಾರ ಕುಡಿತ ಬಿಟ್ಟವರ ಕೂಟ. ಅಲ್ಲಿ ನಿವೃತ್ತ ಬಸ್ ಕಂಡಕ್ಟರ್ ಡೆನಿಸ್ ನನ್ನ ಹೊಣೆ ವಹಿಸಿಕೊಂಡರು. ಪಕ್ಕದ ಮನೆಯ ಫೆಲ್ಸಿ ಬಾಯಿ ಗುರುವಾರ ಗುರುವಾರ ಬಿಕರ್ನಕಟ್ಟೆಯ ಚರ್ಚಿಗೆ ಹೋಗಿ ಬಾಲಯೇಸುವಿಗೆ ನನ್ನ ಹೆಸರಿನಲ್ಲಿ ಮೇಣದಬತ್ತಿ ಹಚ್ಚಿ ಬರುತ್ತಿದ್ದರು. ಮಾತ್ರೆ ನಿಲ್ಲಿಸದಿದ್ದರೆ ಮೇಣದಬತ್ತಿಗೆ ತನ್ನ ತಕರಾರಿಲ್ಲ ಎಂದು ಡಾಕ್ಟರೂ ಹೇಳಿದ್ದರು. ನಾಲ್ಕನೆಯ ಸಹಿ ನಮ್ಮ ಅಮ್ಮನದು. ಅದು ಮಾತ್ರ ವರ್ಷ ತುಂಬುವವರೆಗೆ ಯಾರಿಗೂ ಗೊತ್ತಿರಲಿಲ್ಲ.

ಕಳೆದುಹೋದ ವಸ್ತು ಸಿಕ್ಕಿದರೆ ಕೊರಗಜ್ಜ ದೈವಕ್ಕೆ ಚಕ್ಕುಲಿ, ಬೀಡ, ಒಂದು ಬಾಟಲಿ ಶರಾಬು ಒಪ್ಪಿಸುವುದು ನಮ್ಮ ಕಡೆಯ ಪದ್ಧತಿ. ಅಮ್ಮನ ಪ್ರಕಾರ ಕಳೆದುಹೋದ ವಸ್ತು ನಾನೇ. ಮಗ ಒಂದು ವರ್ಷ ಕುಡಿಯದೆ ಇದ್ದರೆ ಅವನ ಕೈಯಿಂದಲೇ ಬಾಟಲಿ ಕೊಡಿಸುತ್ತೇನೆ ಎಂದು ಆಕೆ ಹರಕೆ ಹೇಳಿಕೊಂಡುಬಿಟ್ಟಿದ್ದಳು. ಡಾಕ್ಟರು ಇದನ್ನು ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು. ಡೆನಿಸ್ ಮಾತ್ರ, "ಒಬ್ಬನೇ ಹೋಗ್ಬೇಡ ಮಾರಾಯ, ನಾನೂ ಬರ್ತೇನೆ" ಎಂದರು. ಅಜ್ಜನ ಹತ್ತಿರ ತನಗೂ ಕೆಲಸ ಉಂಟೆಂದು ಫೆಲ್ಸಿ ಬಾಯಿಯೂ ಹೊರಟರು.

ಭಾನುವಾರ ಬೆಳಿಗ್ಗೆ ಶಶಿಕಲಾಳೇ ಅಂಗಡಿಗೆ ಹೋಗಿ ಬಾಟಲಿ ತಂದಳು. ಪೇಪರು ಸುತ್ತಿ, ದಾರಿಯುದ್ದಕ್ಕೂ ಮಡಿಲಲ್ಲಿ ಇಟ್ಟುಕೊಂಡಳು. ಅಜ್ಜನ ಕಟ್ಟೆಯ ಮುಂದೆ ಅದು ನನ್ನ ಕೈಗೆ ಬಂತು. ಕೈಗೆ ಅದರ ತೂಕ ಚೆನ್ನಾಗಿ ನೆನಪಿತ್ತು. ಸುಳ್ಳು ಯಾಕೆ ಹೇಳಲಿ, ಭಯವಾಯಿತು. ಬೇಗ ಒಪ್ಪಿಸಿ ಕೈಮುಗಿದೆ. ಕಟ್ಟೆಯವರು ಅಜ್ಜನಿಗೆ ಎರೆದು, ಪ್ರಾರ್ಥನೆ ಮುಗಿಸಿ, ಉಳಿದದ್ದನ್ನು ಪದ್ಧತಿಯಂತೆ ನನ್ನ ಕಡೆಗೇ ಚಾಚಿದರು.

"ತಗೊಳ್ಳಿ ಅಣ್ಣ, ಪ್ರಸಾದ."

ಅಮ್ಮ ಇಷ್ಟು ದೂರ ಯೋಚಿಸಿರಲಿಲ್ಲ. ಪ್ರಸಾದ ಬೇಡ ಎನ್ನುವುದು ಹೇಗೆ? ಹಿಂದೆ ನಾಲ್ವರೂ ನಿಂತಿದ್ದರು. ಕೂಟದ ಹೊರಗೆ ನಾನು ಯಾರಿಗೂ ನಿಜ ಹೇಳಿದವನಲ್ಲ. ಆಫೀಸಿನಲ್ಲಿ ಆ ಮಾತ್ರೆ ಇವತ್ತಿಗೂ ಗ್ಯಾಸ್ಟ್ರಿಕ್ಕಿನದ್ದು.

"ನನಗೆ ಕುಡಿತದ ಕಾಯಿಲೆ ಉಂಟು," ಎಂದೆ. "ಚಕ್ಕುಲಿ ಮಾತ್ರ ಕೊಡಿ."

ಅವರು ಏನೂ ಆಗದವರಂತೆ ಬಾಟಲಿಯನ್ನು ಅಜ್ಜನ ಹತ್ತಿರವೇ ಇಟ್ಟು, ಎರಡು ಚಕ್ಕುಲಿ ಹೆಚ್ಚಿಗೆ ಕೊಟ್ಟರು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಡೆನಿಸ್ ನನ್ನ ಭುಜದ ಮೇಲಿಟ್ಟ ಕೈಯನ್ನು ರಿಕ್ಷಾ ಸಿಗುವವರೆಗೂ ತೆಗೆಯಲಿಲ್ಲ.

ವಾಪಸು ಬರುವಾಗ ಗೆದ್ದದ್ದು ಅಜ್ಜನೋ, ಬಾಲಯೇಸುವೋ, ಕೂಟವೋ ಎಂದು ಬಹಳ ವಿನಯದ ಚರ್ಚೆ ನಡೆಯಿತು. ನನ್ನ ಮನೋಬಲದ ಹೆಸರನ್ನು ಯಾರೂ ಎತ್ತಲಿಲ್ಲ. ಮನೆಗೆ ಬಂದವನೇ ಶಶಿಕಲಾಳನ್ನು ಕೇಳಿದೆ, "ನಿಜ ಹೇಳು, ಇಷ್ಟರಲ್ಲಿ ಕೆಲಸ ಮಾಡಿದ್ದು ಯಾವುದು?"

"ಯಾವುದನ್ನು ಬಿಡಬಹುದು ಅಂತ ನೋಡ್ಲಿಕ್ಕಾ?" ಎಂದಳು.

ನಾನು ಅದನ್ನೇ ಯೋಚಿಸುತ್ತಿದ್ದೆ. ಬಾಯಿಗೆ ಇನ್ನೊಂದು ಚಕ್ಕುಲಿ ಹಾಕಿಕೊಂಡೆ. ಅವಳು ಮಾತ್ರೆ, ನೀರು ತಂದು ಎದುರು ನಿಂತಳು. ನುಂಗಿ, ಹೇಳುವ ಮೊದಲೇ ಬಾಯಿ ತೆರೆದು ತೋರಿಸಿದೆ.