ಬೀಗರ ಕಾಫಿ, ನನ್ನ ಕಿವಿ

ಮಗಳನ್ನು ನೋಡಲು ಗಂಡಿನ ಕಡೆಯವರು ಬರುವ ದಿನ ನನ್ನಿಂದ ಯಾವ ಅಚಾತುರ್ಯವೂ ಆಗುವುದಿಲ್ಲ ಎಂದು ನನ್ನ ಹೆಂಡತಿ ಸುಜಾತಳಿಗೆ ಮಾತು ಕೊಟ್ಟಿದ್ದೆ. ಕೊಡುವಾಗ ನನಗೆ ಪೂರ್ತಿ ನಂಬಿಕೆಯಿತ್ತು. ಅವಳಿಗೆ ಇರಲಿಲ್ಲ.

"ನೀವೇನೂ ಮಾಡ್ಬೇಡಿ ಕಣ್ರೀ. ಕೂತ್ಕಳಿ, ಒಸಿ ನಗ್ತಾ ಇರಿ. ಅವ್ರು ಕಾಫಿ ಕುಡ್ದು ಮುಗ್ಸೋಗಂಟ ಎದ್ದು ಓಡೋಗ್ಬೇಡಿ. ಅಷ್ಟ್ ಮಾಡಿದ್ರೆ ನಿಮ್ಗೆ ಪುಣ್ಯ ಬತ್ತದೆ," ಎಂದಳು.

ಕಾಫಿ ಕುಡಿದು ಮುಗಿಸುವವರೆಗೆ ಎದ್ದು ಓಡಬಾರದು! ಬೇರೆ ಯಾವ ಹೆಣ್ಣು ಹೆತ್ತ ತಂದೆಗೂ ಯಾರೂ ಇಂಥ ಷರತ್ತು ಹಾಕಿರಲಾರರು. ನನಗೆ ಮಾತ್ರ ಅದು ಬರಿಗಾಲಲ್ಲಿ ಕೆಂಡದ ಕೊಂಡ ಹಾಯುವ ಕೆಲಸ.

ಯಾಕೆಂದು ಹೇಳಿಬಿಡುತ್ತೇನೆ. ನನಗೆ ಸಣ್ಣ ಸದ್ದು ಆಗುವುದಿಲ್ಲ. ದೊಡ್ಡ ಸದ್ದಿನ ಮೇಲೆ ನನ್ನ ದೂರಿಲ್ಲ. ಹೆದ್ದಾರಿಯ ಲಾರಿಗಳು ನನ್ನ ಕಿವಿಯ ಪಕ್ಕದಲ್ಲೇ ಹಾರನ್ ಹೊಡೆಯಲಿ, ನಾನು ಹಾಯಾಗಿ ಪೇಪರ್ ಓದುತ್ತೇನೆ. ಆದರೆ ಪಕ್ಕದಲ್ಲಿ ಕೂತವರು ಬಾಯಿ ಚಪ್ಪರಿಸಿದರೆ, ಕರಂಕುರುಂ ಅಗಿದರೆ, ಮೂಗು ಸೊರಸೊರ ಎಳೆದರೆ, ಪೆನ್ನಿನ ಗುಂಡಿಯನ್ನು ಟಿಕ್ ಟಿಕ್ ಒತ್ತಿದರೆ ಮುಗಿಯಿತು. ಎದೆ ಬಿಗಿಯುತ್ತದೆ. ಕಿವಿ ಬಿಸಿಯಾಗುತ್ತದೆ. ಆ ಮನುಷ್ಯ ಎಷ್ಟೇ ದೇವರಂಥವನಾಗಿದ್ದರೂ ಅವನ ಕತ್ತು ಹಿಸುಕಬೇಕೆನ್ನಿಸುತ್ತದೆ. ಅದರ ಹಿಂದೆಯೇ, ಇಷ್ಟಕ್ಕೆಲ್ಲ ಹೀಗೆ ಅನ್ನಿಸಿತಲ್ಲ ಎಂಬ ನಾಚಿಕೆ ಬರುತ್ತದೆ. ನನ್ನ ಆಯಸ್ಸಿನ ಬಹುಭಾಗ ಈ ಸಿಟ್ಟು ಮತ್ತು ನಾಚಿಕೆಗಳ ನಡುವೆ ಓಡಾಡುವುದರಲ್ಲೇ ಸವೆದಿದೆ.

ಕಿವಿ ಡಾಕ್ಟರಿಗೆ ತೋರಿಸಿದ್ದೇನೆ. ಅವರು ಲೈಟು ಬಿಟ್ಟು ಒಳಗೆಲ್ಲ ನೋಡಿ, "ನಿಮ್ಮ ಕಿವಿ ಬಹಳ ಚೆನ್ನಾಗಿದೆ, ಚಿಂತೆ ಮಾಡಬೇಡಿ," ಎಂದರು. ಚಿಂತೆ ಅದೇ ಅಲ್ಲವೇ ಸ್ವಾಮಿ ಎಂದು ಕೇಳಬೇಕೆನ್ನಿಸಿತು. ಅಷ್ಟರಲ್ಲಿ ಅವರು ಪೆನ್ನಿನ ಗುಂಡಿ ಒತ್ತತೊಡಗಿದ್ದರಿಂದ ಎದ್ದು ಬಂದುಬಿಟ್ಟೆ.

ನಾನು ರಾಮನಗರದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕ. ಪುಸ್ತಕಗಳಿರುವ ಕಡೆ ಮೌನವಿರುತ್ತದೆ ಎಂದು ನಂಬಿ ಆ ಕೆಲಸಕ್ಕೆ ಸೇರಿದೆ. ಮೌನವಿರುವ ಕಡೆ ಸಣ್ಣ ಸದ್ದು ಇನ್ನೂ ಚೆನ್ನಾಗಿ ಕೇಳುತ್ತದೆ ಎಂಬುದು ನೌಕರಿ ಕಾಯಂ ಆದ ಮೇಲೆ ತಿಳಿಯಿತು!

ನಮ್ಮ ಮಗಳು ರಮ್ಯ ಹಾರೋಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾಳೆ. ಅಲ್ಲೇ ಕೆಲಸ ಮಾಡುವ ಮಂಜುನಾಥ ಎಂಬ ಹುಡುಗನನ್ನು ಮೆಚ್ಚಿದ್ದಳು. ಹುಡುಗ ಒಳ್ಳೆಯವನು. ಅವನ ತಂದೆ ಬೋರೇಗೌಡರು ಕನಕಪುರದ ಹತ್ತಿರದ ಹಳ್ಳಿಯಲ್ಲಿ ರೇಷ್ಮೆ ಬೆಳೆಯುವವರು. ಹುಡುಗ ಹುಡುಗಿ ತಮ್ಮೊಳಗೆ ಒಪ್ಪಿಕೊಂಡಾಗಿತ್ತು. ಎರಡು ಮನೆಯ ಹಿರಿಯರು ಎದುರುಬದುರು ಕೂತು, ಕಾಫಿ ಕುಡಿದು, ಹೂಂ ಅನ್ನುವುದಷ್ಟೇ ಬಾಕಿ. ಬಾಕಿ ಉಳಿದಿದ್ದೇ ಆ ಕಾಫಿ.

ನಾನು ಸುಮ್ಮನೆ ಕೂರುವವನಲ್ಲ. ಶಾಸ್ತ್ರೋಕ್ತವಾಗಿ ಎರಡು ಮುನ್ನೆಚ್ಚರಿಕೆ ಕೈಗೊಂಡೆ. ಮೊದಲನೆಯದು ತಿಂಡಿಯ ವಿಚಾರ. ಹಲ್ಲಿಗೆ ಕೆಲಸ ಕೊಡುವ ಯಾವ ಪದಾರ್ಥವೂ ಇರಕೂಡದು. ಕೇಸರಿಬಾತು ಮತ್ತು ಬಾಳೆಹಣ್ಣು ಸಾಕು ಎಂದು ಅಪ್ಪಣೆ ಮಾಡಿದೆ.

"ಬೀಗ್ರಾಗೋರಿಗೆ ಹಲ್ಲಿಲ್ಲ ಅಂತ ಯಾರಾದ್ರೂ ಹೇಳವ್ರಾ?" ಎಂದು ಸುಜಾತ ಕೇಳಿದಳು. ಆದರೂ ಒಪ್ಪಿದಳು.

ಎರಡನೆಯದು ನನ್ನ ಬುದ್ಧಿವಂತಿಕೆಯ ಶಿಖರ. ಚನ್ನಪಟ್ಟಣದ ನಮ್ಮ ಮನೆಯ ಗೋಡೆಗೆ ಗೋಡೆ ಸಾದಿಕ್ ಸಾಹೇಬರ ಬೊಂಬೆ ಕಾರ್ಖಾನೆ. ಅವರ ಲೇತ್ ಮಿಷನ್ನು ಗುಂಯ್ ಎಂದು ಶುರುವಾಯಿತೆಂದರೆ ಲೋಕದ ಸಣ್ಣ ಸದ್ದುಗಳೆಲ್ಲ ಅದರಲ್ಲಿ ಮುಳುಗಿಹೋಗುತ್ತವೆ. ನನಗೆ ಅದು ಜೋಗುಳ. ನಾನು ಹೋಗಿ, "ಭಾನುವಾರ ನೆಂಟ್ರು ಬರ್ತಿದಾರೆ ಸಾಹೇಬ್ರೆ. ಅವರು ಬಂದು ಹೋಗೋವರೆಗೆ ದಯವಿಟ್ಟು ಮಿಷನ್ ನಿಲ್ಲಿಸಬೇಡಿ," ಎಂದು ಕೈಮುಗಿದೆ.

ಸಾದಿಕ್ ಸಾಹೇಬರು ಕೈಯಲ್ಲಿದ್ದ ಅರೆಬಣ್ಣದ ಬುಗುರಿಯನ್ನು ಕೆಳಗಿಟ್ಟು ನನ್ನನ್ನೇ ನೋಡಿದರು.

"ಯಾ ಅಲ್ಲಾ! ಎಲ್ಲಾರೂ ಮನೇಲಿ ಫಂಕ್ಷನ್ ಇದೆ, ಮಿಷನ್ ಬಂದ್ ಮಾಡಿ ಅಂತಾರೆ ಸಾರ್. ನೀವು ಚಾಲೂ ಮಾಡಿ ಅಂತೀರಲ್ಲ!"

"ನಂಗೋಸ್ಕರ."

"ನಿಮ್ ಮಗ್ಳು ನಮ್ ಮಗ್ಳು ಬೇರೇನಾ ಸಾರ್? ಬಿಡಿ, ಫುಲ್ಲಾಗಿ ಓಡಿಸ್ತೀನಿ."

ಭಾನುವಾರ ಬೋರೇಗೌಡರು ಹೆಂಡತಿ, ಮಗನ ಜೊತೆ ಬಂದರು. ಎತ್ತರದ ಆಳು, ಬೆಳ್ಳಗೆ ಗರಿಗರಿಯಾದ ಪಂಚೆ, ಮುಖದ ತುಂಬ ನಗು. ಕೂತವರೇ ಚೀಲದಿಂದ ಒಂದು ಡಬ್ಬ ತೆಗೆದು ಮುಚ್ಚಳ ಬಿಚ್ಚಿದರು. ನನ್ನ ತಿಂಡಿಯ ಯೋಜನೆ ಅಲ್ಲಿಗೆ ನೆಲಕಚ್ಚಿತು.

"ನಮ್ಮೋಳು ಕೋಡುಬಳೆ ಮಾಡವ್ಳೆ. ತಕಳಿ ಬೀಗ್ರೆ, ಗಟ್ಟಿ ಐತೆ!"

ಆದರೆ ಗೋಡೆಯಾಚೆ ಸಾದಿಕ್ ಸಾಹೇಬರು ಕೊಟ್ಟ ಮಾತಿಗೆ ತಪ್ಪಲಿಲ್ಲ. ಲೇತು ಮೊರೆಯುತ್ತಿತ್ತು. ನನ್ನ ಎದುರಿಗೆ ಮೂರು ಬಾಯಿಗಳು ಕೋಡುಬಳೆ ಅಗಿಯುವುದು ಕಣ್ಣಿಗೆ ಕಾಣುತ್ತಿತ್ತು, ಕಿವಿಗೆ ಕೇಳುತ್ತಿರಲಿಲ್ಲ! ನಾನು ಅವರನ್ನು ಮನಸಾರೆ ಪ್ರೀತಿಸಿದೆ. ತೊಂದರೆಯೆಂದರೆ ಮಾತೂ ಕೇಳುತ್ತಿರಲಿಲ್ಲ.

"ನಿಮ್ಗೆ ಮಕ್ಳು ಒಬ್ಳೇಯಾ?" ಎಂದು ಬೋರೇಗೌಡರು ಕಿರುಚಿದರು.

"ಬಸ್ಸಿಗೆ ಒಂದು ಗಂಟೆ!" ಎಂದು ನಾನೂ ಕಿರುಚಿದೆ.

"ಈ ಸದ್ದು ದಿನಾ ಹಿಂಗೇಯಾ?"

"ಇಲ್ಲ, ಇವತ್ತು ನಿಮಗೋಸ್ಕರ!"

ಅವರಿಗೆ ಏನು ಕೇಳಿಸಿತೋ, ಸಂತೋಷದಿಂದ ತಲೆಯಾಡಿಸಿದರು. ರಮ್ಯ ಕಾಫಿ ತಂದಳು. ಬೋರೇಗೌಡರು ಲೋಟದ ಕಾಫಿಯನ್ನು ತಟ್ಟೆಗೆ ಬಗ್ಗಿಸಿಕೊಂಡು, ಎರಡೂ ಕೈಯಲ್ಲಿ ಎತ್ತಿ, ತುಟಿಯ ಹತ್ತಿರ ಒಯ್ದರು.

ಆಗ ಕರೆಂಟು ಹೋಯಿತು.

ಗುಂಯ್ ಎನ್ನುತ್ತಿದ್ದ ಲೇತು ಗೂಂ ಎಂದು, ಊಂ ಎಂದು, ಸುಮ್ಮನಾಯಿತು. ಫ್ಯಾನು ನಿಂತಿತು. ಬೀದಿಯಲ್ಲಿ ಒಂದು ನಾಯಿಯಾದರೂ ಬೊಗಳಬಾರದಿತ್ತೇ? ಇಲ್ಲ. ಇಡೀ ಚನ್ನಪಟ್ಟಣವೇ ಉಸಿರು ಹಿಡಿದು ಆ ತಟ್ಟೆಯನ್ನೇ ಕಾಯುತ್ತಿದ್ದಂತಿತ್ತು.

"ಸೊರ್ರ್‌ರ್‌ರ್‌ರ್!"

ನನ್ನ ಬೆನ್ನುಹುರಿಯ ಮೇಲೆ ಯಾರೋ ಗರಗಸ ಎಳೆದರು. ಬೋರೇಗೌಡರು "ಹಾ" ಎಂದು ತೃಪ್ತಿಯಿಂದ ಬಾಯಿ ಚಪ್ಪರಿಸಿದರು. ನಾನು ಕುರ್ಚಿಯ ಕೈ ಹಿಡಿದೆ. ಸುಜಾತ ಬಾಗಿಲ ಬಳಿಯಿಂದ ಕಣ್ಣಲ್ಲೇ ನನ್ನನ್ನು ಕುರ್ಚಿಗೆ ಮೊಳೆ ಹೊಡೆದು ಕೂರಿಸಿದಳು. ಎರಡನೆಯ ಸೊರ್ರ್. ಕೋಡುಬಳೆಯ ಕರಂ. ಇನ್ನೊಂದು ಸೊರ್ರ್.

"ನೋಡಿ ಬೀಗ್ರೆ," ಎಂದರು ಬೋರೇಗೌಡರು, "ನಮ್ಗಂತೂ ಹುಡ್ಗಿ ಒಪ್ಗೆ ಆಗವ್ಳೆ. ಸೊರ್ರ್‌ರ್! ಸುಮ್ನೆ ಎಳ್ದಾಡದು ಯಾಕೆ? ಮಾತುಕತೆ ಇವತ್ತೇ... ಸೊರ್ರ್‌ರ್..."

"ಸಾಕು! ನಿಲ್ಸಿ!"

ಹಾಗೆ ಕೂಗಿದ್ದು ನಾನೇ ಎಂದು ಅರಿವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಬೇರೆಯವರಿಗೆಲ್ಲ ತಕ್ಷಣ ಅರಿವಾಗಿತ್ತು.

"ಏನ್ ನಿಲ್ಸ್ಬೇಕು?" ಬೋರೇಗೌಡರ ಮುಖದ ನಗು ಅರ್ಧಕ್ಕೇ ನಿಂತಿತು. "ಮಾತುಕತೇನಾ?"

"ಅಯ್ಯೋ, ಇಲ್ಲ ಅಣ್ಣ! ಇವ್ರು ಸಕ್ಕರೆ ಸಾಕಾ ಅಂತ ಕೇಳಿದ್ದು," ಎಂದು ಸುಜಾತ ಓಡಿ ಬಂದಳು. ಅಲ್ಲಿಗೆ ಎಲ್ಲರೂ ಸುಮ್ಮನಿದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಗಾಬರಿಯಲ್ಲಿದ್ದ ಬೋರೇಗೌಡರು ತಟ್ಟೆಯಲ್ಲಿ ಉಳಿದಿದ್ದ ಕಾಫಿಯನ್ನು ಮುಗಿಸಿಬಿಡಲು ಮತ್ತೆ ಬಾಯಿಗೆ ಎತ್ತಿದರು. ನನ್ನ ಕೈ ನನ್ನ ಮಾತು ಕೇಳಲಿಲ್ಲ. ಅದು ಮುಂದೆ ಚಾಚಿ, ಬೀಗರಾಗುವವರ ತುಟಿಯಿಂದ ತಟ್ಟೆಯನ್ನು ಕಿತ್ತುಕೊಂಡಿತು! ಕಾಫಿ ಬೆಳ್ಳನೆಯ ಪಂಚೆಯ ಮೇಲೆ ಹರಿಯಿತು.

ಬೋರೇಗೌಡರು ಎದ್ದು ನಿಂತರು.

"ಬಂದೋರ ಬಾಯಿಂದ ಕಾಫಿ ಕಿತ್ಕಳೋ ಮನೇನ ನಾನು ಇದೇ ಮೊದ್ಲು ನೋಡಿದ್ದು. ನಡೀರಿ," ಎಂದು ಹೆಂಡತಿ ಮಗನನ್ನು ಎಬ್ಬಿಸಿಕೊಂಡು ಹೊರಟೇಬಿಟ್ಟರು. ಅವರು ಗೇಟು ದಾಟುತ್ತಿದ್ದಂತೆ ಫ್ಯಾನು ತಿರುಗಿತು. ಗೋಡೆಯಾಚೆಯಿಂದ ಉತ್ಸಾಹದ ಕೂಗು ಕೇಳಿಸಿತು.

"ಸಾರ್, ಕರೆಂಟ್ ಬಂತು! ಇನ್ನೂ ಜೋರಾಗಿ ಬಿಡ್ಲಾ?"

ಸುಜಾತ ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ರಮ್ಯ ಲೋಟಗಳನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು. ಬಹಳ ಹೊತ್ತಾದರೂ ನಲ್ಲಿಯ ನೀರು ಬೀಳುತ್ತಲೇ ಇದ್ದುದನ್ನು ಕೇಳಿ ಹೋಗಿ ನೋಡಿದೆ. ಲೋಟಗಳೆಲ್ಲ ತೊಳೆದಾಗಿತ್ತು. ಅವಳು ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು. ಮೂಗೆಳೆಯುವ ಸದ್ದು ಅಪ್ಪನಿಗೆ ಆಗುವುದಿಲ್ಲವೆಂದು!

ನಾನು ಸದ್ದಾಗದಂತೆ ಹಿಂದಕ್ಕೆ ಬಂದೆ. ಡಾಕ್ಟರು ಬಹಳ ಚೆನ್ನಾಗಿವೆ ಎಂದಿದ್ದ ಕಿವಿಗಳನ್ನು ಕೊಟ್ಟ ದೇವರನ್ನು, ಅವನ್ನು ವಾಪಸು ತೆಗೆದುಕೋ ಎಂದು ಬೇಡಿಕೊಂಡೆ.

ಮಾರನೆಯ ದಿನ ಕಾಲೇಜಿಗೆ ರಜೆ ಹಾಕಿ ಕನಕಪುರದ ಬಸ್ಸು ಹತ್ತಿದೆ. ಬೋರೇಗೌಡರ ಕಾಲಿಗೆ ಬೀಳುವುದೊಂದೇ ದಾರಿ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಂಡೆ. 'ಮಹನೀಯರೇ, ನಿನ್ನೆಯ ಅಹಿತಕರ ಘಟನೆಗೆ ವಿಷಾದಿಸುತ್ತಾ' ಎಂದು ಶುರುವಾಗುವ ಉತ್ತಮ ಭಾಷಣವದು.

ಹಳ್ಳಿಯಲ್ಲಿ ಅವರ ಮನೆ ಹುಡುಕಿ ಹೋದರೆ, ಮಂಜುನಾಥನ ತಾಯಿ ನನ್ನ ಮುಖ ನೋಡದೆ ಹಿಂದುಗಡೆ ಕೈ ತೋರಿಸಿದರು. "ಹುಳದ ಮನೇಲವ್ರೆ, ಹೋಗಿ."

ಹುಳದ ಮನೆಯೆಂದರೆ ರೇಷ್ಮೆಹುಳು ಸಾಕುವ ಉದ್ದನೆಯ ಕೊಠಡಿ. ಬಾಗಿಲು ತಳ್ಳಿ ಒಳಗೆ ಕಾಲಿಟ್ಟೆ. ಬೋರೇಗೌಡರು ಬೆನ್ನು ಹಾಕಿ ಸೊಪ್ಪು ಹರಡುತ್ತಿದ್ದರು. ಹೊರಗೆ ಬಿಸಿಲಿತ್ತು, ಒಳಗೆ ಮಳೆ ಸುರಿಯುತ್ತಿತ್ತು. ಸಣ್ಣ ಜಡಿಮಳೆ. ಸೂರು ಸೋರುತ್ತಿದೆಯೇ ಎಂದು ತಲೆಯೆತ್ತಿ ನೋಡಿದೆ. ಆಮೇಲೆ ಕೆಳಗೆ ನೋಡಿದೆ.

ಅದು ಮಳೆಯಲ್ಲ. ಗೂಡು ಕಟ್ಟುವ ಮುಂಚಿನ ಕೊನೆಯ ಹಸಿವಿನಲ್ಲಿ, ಕೊಠಡಿಯ ಈ ತುದಿಯಿಂದ ಆ ತುದಿಯವರೆಗೆ ಹರಡಿಕೊಂಡು, ಲೆಕ್ಕವಿಲ್ಲದಷ್ಟು ಹುಳುಗಳು ಹಿಪ್ಪುನೇರಳೆ ಸೊಪ್ಪನ್ನು ಅಗಿಯುತ್ತಿದ್ದವು! ಚರಚರ ಚರಚರ. ಒಂದು ಬಾಯಿ ಅಗಿದರೆ ಓಡಿಹೋಗುವ ಮನುಷ್ಯ ನಾನು!

ಎದೆ ಹಿಡಿದುಕೊಂಡಿತು. ಭಾಷಣ ಮರೆತುಹೋಯಿತು. ಓಡಿದರೆ ಮಗಳ ಬಾಳು ಹೋಗುತ್ತದೆ, ನಿಂತರೆ ನನ್ನ ಪ್ರಾಣ ಹೋಗುತ್ತದೆ. ಹಲ್ಲು ಕಚ್ಚಿ, ಮುಷ್ಟಿ ಬಿಗಿದು ನಿಂತೆ. ಕಣ್ಣಲ್ಲಿ ನೀರು ಧಾರಾಕಾರವಾಗಿ ಇಳಿಯತೊಡಗಿತು. ಬೋರೇಗೌಡರು ತಿರುಗಿದವರು ಹಾಗೇ ನಿಂತುಬಿಟ್ಟರು.

"ಏನ್ರೀ ಇದು! ಇಷ್ಟೊಂದು ನೊಂದ್ಕಬುಟ್ರಾ?" ಸೊಪ್ಪು ಬಿಟ್ಟು ಬಂದು ನನ್ನ ಹೆಗಲು ಹಿಡಿದರು. "ಬುಡಿ, ಬುಡಿ. ಒಂದು ಪಂಚೆಗೋಸ್ಕರ ಗಂಡಸು ಹಿಂಗೆ ಅಳ್ತಾರಾ? ನಂದೂ ಒಸಿ ದುಡುಕೇಯ. ಎದ್ದು ಬಂದ್ಬುಡಬಾರ್ದಿತ್ತು."

ನನಗೆ ಕ್ಷಮೆ ಸಿಕ್ಕಿಬಿಟ್ಟಿತ್ತು! ಪಶ್ಚಾತ್ತಾಪದ ಕಣ್ಣೀರೆಂದು ಅವರು ತಿಳಿದಿದ್ದರು. ಅದರಲ್ಲಿ ಅರ್ಧ ಹುಳುಗಳ ಪಾಲು ಎಂದು ಹೇಳದೆ ಬಂದಿದ್ದರೆ ಬುದ್ಧಿವಂತನೆನಿಸಿಕೊಳ್ಳುತ್ತಿದ್ದೆ. ಆದರೆ ಆ ದೊಡ್ಡ ಕೈ ಹೆಗಲ ಮೇಲಿರುವಾಗ ಸುಳ್ಳು ಹೇಳಲಾಗಲಿಲ್ಲ. ಅವರನ್ನು ಹೊರಗೆ ಜಗಲಿಗೆ ಕರೆದುಕೊಂಡು ಬಂದು ಎಲ್ಲವನ್ನೂ ಹೇಳಿಕೊಂಡೆ. ಮನೆಯಲ್ಲಿ ನಾನು ಒಬ್ಬನೇ ಹಿತ್ತಲಲ್ಲಿ ಕೂತು ಉಣ್ಣುವುದು, ಮದುವೆ ಮುಂಜಿಗಳಲ್ಲಿ ಪಂಕ್ತಿಯಿಂದ ಎದ್ದು ಬರುವುದು, ಹೆತ್ತ ಮಗಳು ಎದುರಿಗೆ ಕೂತು ಉಣ್ಣುವುದನ್ನು ಕೂಡ ನೋಡಲಾಗದ್ದು, ಎಲ್ಲ.

ಬೋರೇಗೌಡರು ಕೈಗೆ ಅಂಟಿದ್ದ ಸೊಪ್ಪಿನ ಚೂರು ಕೊಡವಿಕೊಂಡರು.

"ನಾನು ಕಾಫಿ ಕುಡ್ಯದು ಅಷ್ಟು ಜೋರಾಗಿ ಕೇಳಿಸ್ತದಾ?"

"ಇಲ್ಲ ಗೌಡ್ರೆ, ಸಣ್ಣಗೇ ಕುಡೀತೀರಿ. ತೊಂದ್ರೆ ಇರೋದೇ ಅದ್ರಲ್ಲಿ."

"ದೊಡ್ಡ ಸದ್ದಾದ್ರೆ ಆಯ್ತದೆ?"

"ಎಷ್ಟು ದೊಡ್ಡದಾದ್ರೂ ಆಗುತ್ತೆ."

"ಅಂಗಾರೆ ನೀವೇನೂ ಯೋಚ್ನೆ ಮಾಡ್ಬೇಡಿ. ಮದ್ವೆ ಆಗ್ತದೆ. ಊಟದ ವಿಚಾರ ನನ್ಗೆ ಬುಟ್ಬುಡಿ," ಎಂದರು.

ಮದುವೆ ಕನಕಪುರದ ಒಂದು ಕಲ್ಯಾಣ ಮಂಟಪದಲ್ಲಿ ಚೆನ್ನಾಗಿಯೇ ಆಯಿತು. ಧಾರೆಯ ಹೊತ್ತಿಗೆ ವಾಲಗದವರು ಪ್ರಾಣ ಬಿಟ್ಟು ಊದಿದ್ದರಿಂದ ನನಗೆ ಏನೂ ತೊಂದರೆಯಾಗಲಿಲ್ಲ. ಊಟದ ಪಂಕ್ತಿ ಕೂರುವಾಗ ಬೋರೇಗೌಡರು ಬಂದು ನನ್ನ ಕೈ ಹಿಡಿದುಕೊಂಡು ಹೊರಟರು. ಊಟದ ಹಾಲ್ ದಾಟಿದೆವು, ಅಡುಗೆಮನೆ ದಾಟಿದೆವು, ಹಿಂದಿನ ಬಾಗಿಲಿಂದ ಹೊರಗೆ ಬಂದೆವು. ಅಲ್ಲಿ ಜನರೇಟರ್ ಗಡಗಡ ನಡುಗುತ್ತ ಹೊಗೆ ಬಿಡುತ್ತಿತ್ತು. ಅದರ ಪಕ್ಕದಲ್ಲಿ ಒಂದು ಟೇಬಲ್ಲು, ಒಂದು ಕುರ್ಚಿ, ಒಂದೇ ಒಂದು ಎಲೆ.

"ಕರೆಂಟಿದ್ರೂವೇ ಆನ್ ಮಾಡ್ಸಿವ್ನಿ ಬೀಗ್ರೆ! ನೆಮ್ದಿಯಾಗಿ ಉಣ್ಣಿ!" ಎಂದು ನನ್ನ ಕಿವಿಯಲ್ಲಿ ಕೂಗಿ, ತಾವೇ ಅನ್ನ ಬಡಿಸಿ ಒಳಗೆ ಹೋದರು.

ಹೀಗೆ ಹೆಣ್ಣಿನ ತಂದೆಯಾದ ನಾನು, ರೇಷ್ಮೆ ಪಂಚೆ ಉಟ್ಟು, ಪೇಟ ಸುತ್ತಿ, ಡೀಸೆಲ್ ಹೊಗೆಯಲ್ಲಿ ಒಬ್ಬನೇ ಮದುವೆ ಊಟಕ್ಕೆ ಕೂತೆ. ಇದಕ್ಕಿಂತ ಕೆಳಗೆ ಇಳಿಯಲು ಇನ್ನು ಮೆಟ್ಟಿಲಿಲ್ಲ ಎನ್ನಿಸಿತು.

ಆಗ ರಮ್ಯ ಬಂದಳು. ಧಾರೆ ಸೀರೆಯಲ್ಲೇ, ಒಂದು ಕೈಯಲ್ಲಿ ಹೋಳಿಗೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಕುರ್ಚಿ ಎಳೆದುಕೊಂಡು ಬಂದು ನನ್ನ ಎದುರಿಗೇ ಕೂತಳು. ಏನೋ ಹೇಳಿದಳು, ಕೇಳಲಿಲ್ಲ. ಹೋಳಿಗೆ ಮುರಿದು ಬಾಯಿಗಿಟ್ಟುಕೊಂಡು ಅಗಿಯತೊಡಗಿದಳು. ನಾನು ಅಭ್ಯಾಸಬಲದಿಂದ ಕಣ್ಣು ಮುಚ್ಚಿ ಕಾದೆ. ಏನೂ ಆಗಲಿಲ್ಲ. ಕಣ್ಣು ತೆರೆದೆ. ಅಗಿಯುವಾಗ ಅವಳ ಎಡಗೆನ್ನೆಯಲ್ಲಿ ಒಂದು ಸಣ್ಣ ಗುಳಿ ಬೀಳುತ್ತದೆ! ನಮ್ಮಮ್ಮನಿಗೂ ಹಾಗೇ ಬೀಳುತ್ತಿತ್ತು. ಇಷ್ಟು ವರ್ಷ ನಾನು ಅದನ್ನು ನೋಡಿರಲೇ ಇಲ್ಲ. ಅವಳು ತಿಂದು ಮುಗಿಸುವವರೆಗೆ ನೋಡುತ್ತಲೇ ಇದ್ದೆ. ಆಮೇಲೆ ಯಾರೋ ಫೋಟೋಗೆ ಕರೆದರೆಂದು ಎದ್ದು ಹೋದಳು.

ನಾನು ಕಣ್ಣೊರೆಸಿಕೊಂಡು ಊಟಕ್ಕೆ ಕೈ ಹಾಕಿದೆ. ಗಂಡಿನ ಕಡೆಯ ಅಜ್ಜನೊಬ್ಬ ಕೈತೊಳೆಯಲು ಹಿಂದೆ ಬಂದವನು ನನ್ನನ್ನೂ ಜನರೇಟರನ್ನೂ ನೋಡಿ, ಕಿವಿಯ ಹತ್ತಿರ ಬಾಗಿ ಕೂಗಿದ.

"ಏನಪ್ಪಾ, ಡೀಸೆಲ್ ಸಂಜೆಗಂಟ ಸಾಕಾಯ್ತದಾ?"

ನನ್ನ ಪೇಟ ತೆಗೆದು ಪಕ್ಕಕ್ಕಿಟ್ಟಿದ್ದೆ, ರೇಷ್ಮೆ ಪಂಚೆ ಟೇಬಲ್ಲಿನ ಅಡಿಯಲ್ಲಿತ್ತು. "ಸಾಕಾಗುತ್ತೆ ಅಜ್ಜ!" ಎಂದು ಕೂಗಿದೆ.

"ಜ್ವಾಪಾನವಾಗಿ ನೋಡ್ಕೊ! ಮಿಷನ್ ಬುಟ್ಟು ಎಲ್ಲೂ ಹೋಗ್ಬ್ಯಾಡ!" ಎಂದು ನನ್ನ ಬೆನ್ನು ತಟ್ಟಿದವನು ಇನ್ನೂ ಹತ್ತಿರ ಬಾಗಿದ. "ಅಲ್ಲ, ಹೆಣ್ಣಿನಪ್ಪ ಅಂತೆ, ಏನೋ ತಿಕ್ಲಂತೆ! ಪಂಕ್ತೀಲಿ ಯಾರ್ ಜೊತೇಲೂ ಉಣ್ಣಲ್ವಂತೆ! ನೀನೇನಾದ್ರೂ ನೋಡ್ದಾ?"

"ಇಲ್ಲ ಅಜ್ಜ," ಎಂದೆ. "ನಾನು ಬೆಳಿಗ್ಗೆಯಿಂದ ಜನರೇಟರ್ ಹತ್ರಾನೇ ಇದೀನಿ!"